ಕಾಲೇಜು ಆಮೇಲೆ, ಆಸ್ಪತ್ರೆ ಮೊದಲು: ನಮ್ಮ ಸೀಮೆ ಹುಡುಗಿಯರು ನರ್ಸಿಂಗ್ ಸೇರಿದ ಕಥೆ

ಇತಿಹಾಸ ಪಾಡ್‌ಕಾಸ್ಟ್ | ಸಂಚಿಕೆಯ ಪಠ್ಯರೂಪ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೂ, ಗದ್ದೆ ಬದುವಿನ ಮೇಲೆ ನೆಟ್‌ವರ್ಕ್ ಹುಡುಕ್ತಾ ನಿಂತಿರೋರಿಗೂ ಸ್ವಾಗತ.

ಈ ಸಂಚಿಕೆ ಮುಖ್ಯವಾಗಿ ನಾಲ್ಕು ತಾಲ್ಲೂಕಿನ ಕೇಳುಗರಿಗೆ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಬೇರೆ ಊರಿನವರು ಎದ್ದು ಹೋಗಬೇಡಿ, ಕಥೆ ನಿಮ್ಮದೂ ಹೌದು.

ಪ್ರತಿ ವರ್ಷ ಸಿಇಟಿ ಫಲಿತಾಂಶ ಬಂದ ಮೇಲೆ ಈ ನಾಲ್ಕೂ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ಮೆಡಿಕಲ್ ಸೀಟು ಸಿಗಲ್ಲ ಅಂತ ಗೊತ್ತಾಗಿದೆ. ಅಗ್ರಿ ಬಿಎಸ್ಸಿ ಸಿಗುತ್ತೋ ಇಲ್ಲವೋ. ಬಿಎಸ್ಸಿ ನರ್ಸಿಂಗ್‌ಗೆ ಯಾವ ಕಾಲೇಜನ್ನು ಮೊದಲು ಹಾಕೋದು, ಯಾವುದನ್ನು ಆಮೇಲೆ ಹಾಕೋದು? ಅಪ್ಪ ಫೀಸು ಕೇಳ್ತಾರೆ. ಅಮ್ಮ ಹಾಸ್ಟೆಲ್ ಕೇಳ್ತಾರೆ. ಸೋದರಮಾವ ಬಂದು "ಕೆಲಸ ಗ್ಯಾರಂಟಿ ಕಣವ್ವಾ, ಫಾರಿನ್‌ಗೂ ಹೋಗಬಹುದು" ಅಂತಾರೆ.

ಇದೇ ಮನೆಗಳಲ್ಲಿ, ಅಜ್ಜಿಯ ಕಾಲಕ್ಕೆ, ಯಾರಾದರೂ ಬಂದು "ನಿಮ್ಮ ಮಗಳನ್ನ ನರ್ಸ್ ಮಾಡಿ" ಅಂದಿದ್ರೆ ಏನಾಗ್ತಿತ್ತು? "ನಮ್ಮನೆ ಹೆಣ್ಮಗ ಕಂಡೋರ ಮೈ ಒರೆಸೋಕೆ ಹೋಗಬೇಕಾ?" ಅಂತ ಜಗಲಿಯಿಂದಲೇ ವಾಪಸ್ ಕಳಿಸ್ತಿದ್ರು. ಬೇಡಿಕೊಂಡರೂ ಯಾರೂ ಬರದ ಕೆಲಸಕ್ಕೆ ಇವತ್ತು ರ‍್ಯಾಂಕ್ ಪಟ್ಟಿ ಬಂದಿದೆ. ಮಧ್ಯೆ ಏನಾಯ್ತು?

ಇವತ್ತು ಅದನ್ನೇ ನೋಡೋಣ. ಈ ಇತಿಹಾಸದಿಂದ ನಿಮ್ಮ ಕೈಗೆ ಒಂದು ಪ್ರಶ್ನೆ ಸಿಗುತ್ತೆ. ಆಪ್ಷನ್ ಎಂಟ್ರಿ ಮಾಡೋಕೆ ಕೂತಾಗ ಅದು ನೇರವಾಗಿ ಉಪಯೋಗಕ್ಕೆ ಬರುತ್ತೆ.

ಜ್ವರದ ಪಟ್ಟಣ

ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ ನೋಡ್ತಾರೆ, ರಂಗನಾಥನ ಗುಡಿ ನೋಡ್ತಾರೆ, ಸಂಗಮದಲ್ಲಿ ಕಾಲು ತೊಳ್ಕೊಂಡು ಬರ್ತಾರೆ. ಅಲ್ಲೇ ಹತ್ತಿರದ ಗ್ಯಾರಿಸನ್ ಸಮಾಧಿ ಸ್ಥಳಕ್ಕೆ ಹೋಗೋರು ಕಡಿಮೆ. 300ಕ್ಕೂ ಹೆಚ್ಚು ಸಮಾಧಿಗಳಿವೆ ಅಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಊರಲ್ಲಿ ಉಳಿದ ಯುರೋಪಿಯನ್ ಅಧಿಕಾರಿಗಳು, ಅವರ ಹೆಂಡತಿಯರು, ಮಕ್ಕಳು ಅಲ್ಲಿ ಮಲಗಿದ್ದಾರೆ.

ಯುದ್ಧ ಮುಗಿದಿತ್ತು. ಜ್ವರ ಮಾತ್ರ ಮುಗಿದಿರಲಿಲ್ಲ. ಸುತ್ತ ಕಾವೇರಿ, ಕಾಲುವೆ, ನಿಂತ ನೀರು, ಸೊಳ್ಳೆ. ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ಕೆಟ್ಟ ಗಾಳಿ ಅಂತಿದ್ರು. ಕೊನೆಗೆ 1809ರಲ್ಲಿ ಇಂಗ್ಲಿಷರು ತಮ್ಮ ಸೇನಾ ನೆಲೆಯನ್ನೇ ಬೆಂಗಳೂರಿಗೆ ಎತ್ತಿಕೊಂಡು ಹೋದರು. ಇವತ್ತಿನ ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದರ ಹಿಂದೆ ನಮ್ಮ ಶ್ರೀರಂಗಪಟ್ಟಣದ ಸೊಳ್ಳೆಯ ಪಾಲೂ ಇದೆ.

ಪಕ್ಕದ ಪಾಂಡವಪುರಕ್ಕೆ ಹಳೇ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಅದು 'ಫ್ರೆಂಚ್ ರಾಕ್ಸ್' ಆಯ್ತು. ಮುಂದೆ ಅಲ್ಲೂ ಒಂದು ದಂಡು ಇತ್ತು.

ಈಗ ಯೋಚಿಸಿ. ಇಷ್ಟು ಜನ ಜ್ವರದಲ್ಲಿ ಮಲಗಿದಾಗ ನೀರು ಕೊಟ್ಟವರು, ಬಟ್ಟೆ ಬದಲಿಸಿದವರು ಯಾರು? ದಂಡಿನಲ್ಲಿ ಸಿಪಾಯಿಗಳು, ಕೂಲಿಯವರು, ಸೈನಿಕರ ಹೆಂಡತಿಯರು. ಹಳ್ಳಿಯಲ್ಲಿ ಅವ್ವ, ಅತ್ತೆ, ಸೊಸೆ. ಹೆರಿಗೆ ಆದ್ರೆ ಸೂಲಗಿತ್ತಿ. ಕೆಲಸ ಇತ್ತು, ಆದರೆ ಅದಕ್ಕೆ ಶಾಲೆ ಇರಲಿಲ್ಲ, ಸಂಬಳವೂ ಇರಲಿಲ್ಲ.

ಸೂಲಗಿತ್ತಿ ಅಂದ್ರೆ ಏನೂ ಗೊತ್ತಿಲ್ಲದ ಹೆಂಗಸು ಅಂತ ತಿಳ್ಕೋಬೇಡಿ. ನಾಗಮಂಗಲದ ಪಕ್ಕದ ತುಮಕೂರು ಜಿಲ್ಲೆಯ ಪಾವಗಡ ಸೀಮೆಯಲ್ಲಿ ಸೂಲಗಿತ್ತಿ ನರಸಮ್ಮ ಇದ್ರು. ಶಾಲೆ ಮೆಟ್ಟಿಲು ಹತ್ತದ ಈ ತಾಯಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಅಂತ ನಾಡು ಗೌರವಿಸಿತು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ಕೈಗೆ ಅನುಭವ ಇತ್ತು. ಸೋಂಕು ತಗುಲಿದರೆ, ರಕ್ತ ನಿಲ್ಲದಿದ್ದರೆ ಹಿಂದೆ ನಿಲ್ಲೋಕೆ ಒಂದು ಆಸ್ಪತ್ರೆ ಮಾತ್ರ ಅಂಥ ಸೂಲಗಿತ್ತಿಯರಿಗೆ ಇರುತ್ತಿರಲಿಲ್ಲ.

ಲಂಡನ್ನಿನ 15 ಜನ, ಮದ್ರಾಸಿನ 4 ಜನ

1860, ಲಂಡನ್. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡ ಫ್ಲಾರೆನ್ಸ್ ನೈಟಿಂಗೇಲ್ ಹೆಸರಲ್ಲಿ ಜನ ದುಡ್ಡು ಕೂಡಿಸಿದ್ದರು. ಆ ದುಡ್ಡಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸುಗಳ ತರಬೇತಿ ಶಾಲೆ ಶುರುವಾಯ್ತು. ಮೊದಲ ತಂಡದಲ್ಲಿ 15 ಜನ.

ಇಲ್ಲಿ ಒಂದು ವಿಷಯ ಗಮನಿಸಿ. ನೈಟಿಂಗೇಲ್ ಶಾಲೆಗೆ ಅಂತ ಬೇರೆ ಕಡೆ ಬಿಲ್ಡಿಂಗ್ ಕಟ್ಟಿಸಲಿಲ್ಲ. ಮೊದಲು ಒಳ್ಳೆ ಆಸ್ಪತ್ರೆ ಹುಡುಕಿದರು, ಅದರೊಳಗೆ ಶಾಲೆ ಇಟ್ಟರು. ಹುಡುಗಿಯರು ಅಲ್ಲೇ ಉಳಿಯಬೇಕು, ವಾರ್ಡ್‌ನಲ್ಲೇ ಕಲಿಯಬೇಕು.

ಅರ್ಜಿ ಹಾಕೋಕೆ ಏನು ಬೇಕಿತ್ತು? ವಯಸ್ಸು 25ರಿಂದ 35. ವಯಸ್ಸಿಗೆ ಒಂದು ಪ್ರಮಾಣಪತ್ರ, ಆರೋಗ್ಯಕ್ಕೆ ಒಂದು, ನಡತೆಗೆ ಒಂದು. ಊಟ, ವಸತಿ ಪುಕ್ಕಟೆ, ಮೇಲೆ ಬಟ್ಟೆಬರೆ ಖರ್ಚಿಗೆ ವರ್ಷಕ್ಕೆ 10 ಪೌಂಡ್. ಅಂದ್ರೆ ಫೀಸು ಕಟ್ಟೋದು ಹಾಗಿರಲಿ, ಕಲಿಯೋರಿಗೇ ದುಡ್ಡು ಕೊಡ್ತಿದ್ರು. ನಡತೆಯ ಪತ್ರ ಯಾಕೆ ಅಂದ್ರೆ, ಆ ಕಾಲದ ಇಂಗ್ಲೆಂಡಿನಲ್ಲೂ ನರ್ಸ್ ಅಂದ್ರೆ ಜನ ಮೂಗು ಮುರೀತಿದ್ರು. ನಮ್ಮ ಅಜ್ಜಿಯರ ಮಾತು ಅಲ್ಲೂ ಇತ್ತು, ಭಾಷೆ ಬೇರೆ ಅಷ್ಟೆ.

ದಕ್ಷಿಣ ಭಾರತಕ್ಕೆ ಇದು ಬಂದಿದ್ದು ಮದ್ರಾಸಿನ ಮೂಲಕ. 1871ರಲ್ಲಿ ಅಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಆರು ತಿಂಗಳ ಸೂಲಗಿತ್ತಿ ತರಬೇತಿ ಶುರುವಾದಾಗ ಸೇರಿದವರು 4 ಜನ. 1888ರಲ್ಲಿ ಬ್ರಿಟಿಷ್ ಸೈನಿಕರ ಆರೈಕೆಗೆ ಅಂತ ಇಂಗ್ಲೆಂಡಿನಿಂದ 10 ಮಂದಿ ನರ್ಸುಗಳು ಬಂದರು. ಒಂದು ತಂಡ ರಾವಲ್ಪಿಂಡಿಗೆ, ಇನ್ನೊಂದು ಬೆಂಗಳೂರಿಗೆ. ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ಬೆಂಗಳೂರಿಗೆ ಹೋದ ದಂಡಿಗೆ ತರಬೇತಿ ಪಡೆದ ನರ್ಸುಗಳು ಸಿಕ್ಕಿದ್ದು ಸುಮಾರು 80 ವರ್ಷದ ಮೇಲೆ.

ಮಹಾರಾಜರ ಆಸ್ಪತ್ರೆ, ಮಿಷನ್ ಆಸ್ಪತ್ರೆ

ಮೈಸೂರು ಸಂಸ್ಥಾನದಲ್ಲಿ ಹೆಣ್ಣುಮಕ್ಕಳ ಚಿಕಿತ್ಸೆ ದೊಡ್ಡ ಸಮಸ್ಯೆ. ಗಂಡು ಡಾಕ್ಟರು ಮುಟ್ಟೋ ಹಾಗಿಲ್ಲ, ಹೆಣ್ಣು ಡಾಕ್ಟರು ಇಲ್ಲ. 1885ರಲ್ಲಿ ವೈಸ್‌ರಾಯ್ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿ ಹುಟ್ಟಿದ್ದೇ ಈ ಕಾರಣಕ್ಕೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸಂಸ್ಥಾನವೂ ತರಬೇತಿ ಪಡೆದ ಸೂಲಗಿತ್ತಿಯರನ್ನು ತಾಲ್ಲೂಕುಗಳಿಗೆ ಕಳಿಸೋ ಪ್ರಯತ್ನ ಮಾಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಮೈಸೂರಿಗೂ ಹಬ್ಬಿತು. ಜನ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿದರು. ರೋಗಿಯ ಹತ್ತಿರ ಹೋಗೋಕೇ ಹೆದರೋ ಕಾಯಿಲೆ ಬಂದಾಗ ಹತ್ತಿರ ಕೂರೋರು ಎಷ್ಟು ಮುಖ್ಯ ಅಂತ ಎಲ್ಲರಿಗೂ ಗೊತ್ತಾಯ್ತು. 1900ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು.

ನಮ್ಮ ನಾಲ್ಕು ತಾಲ್ಲೂಕಿಗೆ ಹತ್ತಿರದ ಕಥೆ ಮೈಸೂರಿನದು. 1906ರಲ್ಲಿ ಅಲ್ಲಿ ವೆಸ್ಲಿಯನ್ ಮಿಷನ್‌ನವರು ಹೆಂಗಸರು, ಮಕ್ಕಳಿಗೆ ಅಂತ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ತೆರೆದರು. ಜನರ ಬಾಯಲ್ಲಿ ಇವತ್ತಿಗೂ ಅದು 'ಮಿಷನ್ ಆಸ್ಪತ್ರೆ'. ಶ್ರೀರಂಗಪಟ್ಟಣದಿಂದ ಒಂದು ಗಂಟೆಯೊಳಗೆ ಮುಟ್ಟೋ ದೂರ. ಪಾಂಡವಪುರ, ಕೆ.ಆರ್.ಪೇಟೆ ಕಡೆಯ ಎಷ್ಟೋ ಮನೆಗಳಲ್ಲಿ "ನೀನು ಹುಟ್ಟಿದ್ದು ಮಿಷನ್ ಆಸ್ಪತ್ರೇಲಿ" ಅನ್ನೋ ಮಾತು ಕೇಳಿರ್ತೀರಿ. ಇಲ್ಲೂ ಅದೇ ಕ್ರಮ: ಆಸ್ಪತ್ರೆ ಮೊದಲು, ಅದರ ಹೊಟ್ಟೆಯಲ್ಲಿ ನರ್ಸಿಂಗ್ ಶಾಲೆ.

ಆ ಕಾಲದಲ್ಲಿ ದಾದಿ ತರಬೇತಿಗೆ ಯಾರು ಬರ್ತಿದ್ರು? ಹೆಚ್ಚಾಗಿ ಕ್ರೈಸ್ತ ಕುಟುಂಬಗಳ ಹುಡುಗಿಯರು, ಅನಾಥಾಲಯದಲ್ಲಿ ಬೆಳೆದವರು, ಗಂಡ ಸತ್ತು ಮನೆಯಲ್ಲಿ ಜಾಗ ಇಲ್ಲದ ಚಿಕ್ಕ ವಯಸ್ಸಿನ ಹೆಂಗಸರು. ಬೇರೆಯವರು ಯಾಕೆ ಬರ್ತಿರಲಿಲ್ಲ? ಮಡಿ ಮೈಲಿಗೆ ಒಂದು. ಯಾವ ಜಾತಿಯವರ ಮಲಮೂತ್ರನಾದರೂ ತೆಗೀಬೇಕು. ಪರಗಂಡಸರ ಮೈ ಮುಟ್ಟಬೇಕು. ರಾತ್ರಿ ಪಾಳಿ ಮಾಡಬೇಕು. ಮೂರಕ್ಕೂ ಮನೆ ಒಪ್ಪಲ್ಲ. ಮೇಲಾಗಿ ಹುಡುಗಿಗೆ ಓದು ಬರೋ ಹೊತ್ತಿಗೆ ಮದುವೆ ಆಗಿರ್ತಿತ್ತು.

ಹಾಗಾಗಿ ನಮ್ಮ ನಾಡಿನ ಮೊದಲ ತಲೆಮಾರಿನ ನರ್ಸುಗಳಲ್ಲಿ ಹೆಚ್ಚಿನವರು, ಊರು 'ಬೇಡ' ಅಂದ ಹೆಂಗಸರು. ಊರಿಗೆ ಕಾಯಿಲೆ ಬಂದಾಗ ಅದೇ ಹೆಂಗಸರ ಕೈ ಬೇಕಾಯ್ತು. ಇವತ್ತು ರ‍್ಯಾಂಕ್ ತಗೊಂಡು ಸೇರೋ ಹುಡುಗಿಗೆ ಈ ಕೆಲಸದ ಗೌರವ ರೆಡಿಯಾಗಿ ಸಿಗ್ತಿದೆ ಅಂದ್ರೆ, ಅದಕ್ಕೆ ಬೆಲೆ ಕಟ್ಟಿದವರು ಅವರು.

ಕಾಲುವೆ ಬಂತು, ಜ್ವರವೂ ಬಂತು

1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯ್ತು. ಎರಡು ದಶಕದಲ್ಲಿ ಕೆಆರ್‌ಎಸ್ ನಿಂತಿತು, ನಾಲೆಯಲ್ಲಿ ನೀರು ಹರಿಯಿತು. ಆಗ ಅದಕ್ಕೆ ಇರ್ವಿನ್ ನಾಲೆ ಅಂತ ಹೆಸರು, ಈಗ ವಿಶ್ವೇಶ್ವರಯ್ಯ ನಾಲೆ. ರಾಗಿ ಬೆಳೀತಿದ್ದ ಹೊಲದಲ್ಲಿ ಭತ್ತ, ಕಬ್ಬು ಬಂತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಮಂಡ್ಯ ಬೇರೆ ಜಿಲ್ಲೆ ಆಯ್ತು.

ನೀರಿನ ಜೊತೆ ಮಲೇರಿಯಾ ಕೂಡ ಬಂತು. ನಾಲೆ ಬಯಲಿನ ಮಲೇರಿಯಾ ಸಂಸ್ಥಾನಕ್ಕೆ ದೊಡ್ಡ ತಲೆನೋವಾಯಿತು. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಮಲೇರಿಯಾ ಅಧ್ಯಯನಕ್ಕೆ, ಗ್ರಾಮೀಣ ಆರೋಗ್ಯ ತರಬೇತಿಗೆ ಕೈ ಹಾಕಿತು. ಒಂದು ಹೊಸ ತಿಳಿವಳಿಕೆ ಮೂಡಿದ್ದು ಈ ಕಾಲದಲ್ಲಿ: ರೋಗಿ ಆಸ್ಪತ್ರೆಗೆ ಬರಲಿ ಅಂತ ಕಾದರೆ ಆಗಲ್ಲ, ಆರೋಗ್ಯದವರೇ ಹಳ್ಳಿಗೆ ಹೋಗಬೇಕು.

ಆದರೆ ಹೋಗೋಕೆ ಜನ ಎಲ್ಲಿ? ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ, ಭೋರ್ ಸಮಿತಿ ವರದಿ ಕೊಟ್ಟಿತು. ಇಡೀ ದೇಶದಲ್ಲಿ ಸುಮಾರು 7,000 ನರ್ಸುಗಳು, ಅಂದರೆ 43,000 ಜನಕ್ಕೆ ಒಬ್ಬ ನರ್ಸ್. ಈ ಲೆಕ್ಕನ ನಿಮ್ಮ ತಾಲ್ಲೂಕಿಗೆ ಹಾಕಿ ನೋಡಿ. ಒಂದು ಲಕ್ಷ ಜನ ಇರೋ ತಾಲ್ಲೂಕಿಗೆ ಇಬ್ಬರು ನರ್ಸು. ಅವರೂ ಪಟ್ಟಣದಲ್ಲೇ ಇರ್ತಿದ್ರು, ಹಳ್ಳಿಗೆ ಸೊನ್ನೆ.

1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂತು. ದೇಶಕ್ಕೆಲ್ಲ ಒಂದೇ ಮಟ್ಟದ ಪಠ್ಯ ಇರಬೇಕು ಅನ್ನೋದು ಉದ್ದೇಶ. 1961ರಲ್ಲಿ ನಮ್ಮ ರಾಜ್ಯಕ್ಕೂ ಪ್ರತ್ಯೇಕ ಕಾಯ್ದೆ ಆಯ್ತು. ಇವತ್ತು ಕೋರ್ಸ್ ಮುಗಿಸಿ ನೀವು ಹೆಸರು ನೋಂದಾಯಿಸೋ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಬೇರು ಅದರಲ್ಲಿದೆ.

ನರ್ಸಮ್ಮ ಬಂದಳು

ಹಳ್ಳಿಯ ಮನಸ್ಸು ಬದಲಾಗಿದ್ದು ಕಾಯ್ದೆಯಿಂದಲ್ಲ, ನರ್ಸಮ್ಮನಿಂದ.

1950ರ ದಶಕದಲ್ಲಿ ಎಎನ್ಎಂ ಅನ್ನೋ ಎರಡು ವರ್ಷದ ಕೋರ್ಸ್ ದೇಶದಲ್ಲಿ ಶುರುವಾಯ್ತು. ಪೂರ್ತಿ ನರ್ಸ್ ತಯಾರಾಗೋವರೆಗೆ ಕಾಯೋಕೆ ಆಗಲ್ಲ, ಹಳ್ಳಿಗೆ ಬೇಗ ಜನ ಬೇಕು ಅನ್ನೋ ಲೆಕ್ಕ. 1973ರ ಕರ್ತಾರ್ ಸಿಂಗ್ ಸಮಿತಿ ಆದ ಮೇಲೆ ಇವರಿಗೆ ಹೆರಿಗೆ ಜೊತೆ ಲಸಿಕೆ, ಮಲೇರಿಯಾ, ಕುಟುಂಬ ಯೋಜನೆ ಎಲ್ಲ ಹೆಗಲಿಗೆ ಬಿತ್ತು. ಸರ್ಕಾರಿ ಕಡತದಲ್ಲಿ ಅವರ ಹೆಸರು 'ಕಿರಿಯ ಮಹಿಳಾ ಆರೋಗ್ಯ ಸಹಾಯಕಿ'. ಈಗ 'ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ'. ಹಳ್ಳಿಯ ಬಾಯಲ್ಲಿ ಮಾತ್ರ ಅವತ್ತಿಂದ ಇವತ್ತಿಗೂ 'ನರ್ಸಮ್ಮ'.

ನಾಗಮಂಗಲದ ಒಣ ಹಳ್ಳಿಗಳಲ್ಲಿ, ಕೆ.ಆರ್.ಪೇಟೆಯ ಕೆರೆ ಏರಿ ಮೇಲೆ ಬಗಲಿಗೆ ಲಸಿಕೆ ಡಬ್ಬ ಹಾಕ್ಕೊಂಡು ನಡೆದವಳು ಅವಳು. ಊರಿನ ಹುಡುಗಿಯರು ಅವಳಲ್ಲಿ ಕಂಡಿದ್ದು ಏನು? ಒಬ್ಬಳೇ ಬಸ್ ಇಳಿದು ಬರೋ ಹೆಂಗಸು. ಕೈಯಲ್ಲಿ ವಾಚು, ತಿಂಗಳಿಗೆ ಸಂಬಳ. ಗೌಡರ ಮನೆಗೂ ಹೋಗ್ತಾಳೆ, ಹಟ್ಟಿಗೂ ಹೋಗ್ತಾಳೆ. ಅವಳು ಬಂದ್ರೆ ಅತ್ತೆ ಕೂಡ "ಕೂತ್ಕೊಳಿ ಅಮ್ಮಾ" ಅಂತ ಚಾಪೆ ಹಾಸ್ತಾಳೆ. ನರ್ಸಿಂಗ್ ಅಂದ್ರೆ ಕೀಳು ಕೆಲಸ ಅನ್ನೋ ಮಾತು ಇಂಥ ಚಾಪೆಗಳ ಮೇಲೆ ನಿಧಾನಕ್ಕೆ ಕರಗಿತು.

ಕಾಲೇಜುಗಳ ಸುಗ್ಗಿ

1980ರ ದಶಕದ ಮಧ್ಯದಲ್ಲಿ ನಮ್ಮ ಸೀಮೆಯ ನಕಾಶೆ ಬದಲಾಯಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಹತ್ತಿರ, ಈಗ ಬಿ.ಜಿ.ನಗರ ಅನ್ನೋ ಜಾಗದಲ್ಲಿ, ಆದಿಚುಂಚನಗಿರಿ ಮಠದ ಬಾಲಗಂಗಾಧರನಾಥ ಸ್ವಾಮೀಜಿ ವೈದ್ಯಕೀಯ ಕಾಲೇಜು, ಆಸ್ಪತ್ರೆ ಕಟ್ಟಿಸಿದರು. ನರ್ಸಿಂಗ್ ಕಾಲೇಜೂ ಅದೇ ಆವರಣಕ್ಕೆ ಬಂತು. ಹಳ್ಳಿಗಾಡಿನ ಮಧ್ಯೆ ದೊಡ್ಡ ಆಸ್ಪತ್ರೆ ಬಂದಿದ್ದರಿಂದ ಒಂದು ಲಾಭ ಆಯ್ತು. ಮಗಳನ್ನು ಮೈಸೂರು, ಬೆಂಗಳೂರಿಗೆ ಕಳಿಸೋಕೆ ಹೆದರೋ ಅಪ್ಪನಿಗೂ 'ಸಂಜೆ ಬಸ್ಸಿಗೆ ಬರಬಹುದು' ಅನ್ನೋ ಧೈರ್ಯ ಬಂತು. ಆಮೇಲೆ 2000ರ ದಶಕದಲ್ಲಿ ಮಂಡ್ಯ ಜಿಲ್ಲಾಸ್ಪತ್ರೆಯೇ ಮಿಮ್ಸ್ ವೈದ್ಯಕೀಯ ಸಂಸ್ಥೆಯ ಬೋಧನಾ ಆಸ್ಪತ್ರೆ ಆಯ್ತು.

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿತು. ಆಗಲೇ ಕೊಲ್ಲಿ ದೇಶಗಳಿಗೆ, ಇಂಗ್ಲೆಂಡಿಗೆ ನರ್ಸುಗಳು ಬೇಕಾಗಿದ್ದರು. ರಾಜ್ಯದಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ನರ್ಸಿಂಗ್ ಕಾಲೇಜುಗಳ ಸುಗ್ಗಿ ಬಂತು. ಬೆಂಚುಗಳಲ್ಲಿ ತುಂಬಿದ್ದು ಬಹುಪಾಲು ಕೇರಳದ ಮಕ್ಕಳು, ಆಮೇಲೆ ಈಶಾನ್ಯ ರಾಜ್ಯದವರು. ಕಾಲೇಜು ನಮ್ಮೂರಲ್ಲಿದ್ದರೂ ನಮ್ಮ ಹುಡುಗಿಯರು ಅಲ್ಲಿ ಕಡಿಮೆ ಇದ್ದರು.

ಈ ಸುಗ್ಗಿಯಲ್ಲಿ ಒಂದು ತಪ್ಪೂ ನಡೀತು. ನೂರೈವತ್ತು ವರ್ಷದ ಕ್ರಮ ತಲೆಕೆಳಗಾಯ್ತು: ಕಾಲೇಜು ಮೊದಲು ಬಂತು, ಆಸ್ಪತ್ರೆ ಆಮೇಲೆ, ಕೆಲವು ಕಡೆ ಬರಲೇ ಇಲ್ಲ. ಬಾಡಿಗೆ ಕಟ್ಟಡದಲ್ಲಿ ಬೋರ್ಡು ಇತ್ತು, ಕ್ಲಾಸಿತ್ತು, ರೋಗಿ ಇರಲಿಲ್ಲ. ಪುಸ್ತಕ ಓದಿ ಇಂಜೆಕ್ಷನ್ ಕಲಿತು, ಡಿಗ್ರಿ ಕೈಗೆ ಬಂದ ದಿನ ನಿಜವಾದ ರಕ್ತನಾಳ ಹುಡುಕೋಕೆ ಕೈ ನಡುಗೋ ಪರಿಸ್ಥಿತಿ. ಅದಕ್ಕೇ ಪರಿಷತ್ತಿನ ನಿಯಮದಲ್ಲಿ ಈಗ ಸ್ಪಷ್ಟವಾಗಿದೆ: ಬಿಎಸ್ಸಿ ನರ್ಸಿಂಗ್ ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ 3 ರೋಗಿಗಳ ಲೆಕ್ಕದಲ್ಲಿ ಕಲಿಕೆ ನಡೀಬೇಕು.

ನಾನು ಮೊದಲೇ ಹೇಳಿದ ಪ್ರಶ್ನೆ ಇದೇ: ಆಸ್ಪತ್ರೆ ಎಲ್ಲಿದೆ? ಕಾಲೇಜಿನ ಫೋಟೊ ಅಲ್ಲ, ಬಸ್ಸಲ್ಲ, ಗೇಟಲ್ಲ. ಆಸ್ಪತ್ರೆ ಎಲ್ಲಿದೆ, ಅದರಲ್ಲಿ ನಿಜಕ್ಕೂ ರೋಗಿಗಳು ಇದ್ದಾರಾ?

ರ‍್ಯಾಂಕ್ ಕಾಲ

2021ರಲ್ಲಿ ಪರಿಷತ್ತಿನ ಹೊಸ ನಿಯಮ ಬಂತು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್, ಸೇರೋಕೆ ಪ್ರವೇಶ ಪರೀಕ್ಷೆ. 2023ರಲ್ಲಿ ರಾಜ್ಯ ಸರ್ಕಾರ ಈ ಪ್ರವೇಶವನ್ನು ಕೆಇಎ ಮೂಲಕ ಸಿಇಟಿ ವ್ಯಾಪ್ತಿಗೆ ತಂತು. ಕೋವಿಡ್ ಕಾಲದಲ್ಲಿ ನರ್ಸುಗಳ ಕೆಲಸವನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. 2020ರಿಂದ ಏಮ್ಸ್ ನಡೆಸೋ ನೇಮಕಾತಿ ಪರೀಕ್ಷೆಯೂ ಬಂದಿತ್ತು. ಹೀಗೆ ಬೇಡದ ಕೆಲಸ ಬೇಕಾದ ಕೆಲಸ ಆಯ್ತು.

ಈಗ ಅರ್ಜಿ ವಿಷಯ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇರಬೇಕು. ವಿಜ್ಞಾನ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಎಸ್‌ಸಿ, ಎಸ್‌ಟಿಗೆ ಶೇ 40. ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಅಂಕ, 80 ನಿಮಿಷ.

ಹಳ್ಳಿ ಮಕ್ಕಳು ಕೈ ಬಿಡೋ ಒಂದು ಜಾಗ ಇದೆ, ಕೇಳಿಸ್ಕೊಳ್ಳಿ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗ ಲೆಕ್ಕಕ್ಕೆ ಬರುತ್ತೆ, ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು. ಓದಿದ್ದು ಎರಡು ಮೂರು ಶಾಲೆಯಾದ್ರೆ ಎಲ್ಲಾ ಶಾಲೆಯಿಂದಲೂ ಪತ್ರ ತರಬೇಕು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯದು, ಅದರ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ಸರಿಯಾಗಿ ಕೂರಬೇಕು. 'ಫಲಿತಾಂಶ ಬಂದ ಮೇಲೆ ಮಾಡಿಸ್ತೀನಿ' ಅಂತ ಕೂತ್ರೆ ಕೈಯಲ್ಲಿದ್ದ ಹಕ್ಕು ಜಾರಿಹೋಗುತ್ತೆ. ಪ್ರತಿ ವರ್ಷದ ದಿನಾಂಕ, ಫೀಸು ಬದಲಾಗುತ್ತೆ. ಅದನ್ನು ಕೆಇಎ ಜಾಲತಾಣದಲ್ಲೇ ನೋಡಿ, ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಬೇಡಿ.

ಆಪ್ಷನ್ ಎಂಟ್ರಿಯಲ್ಲಿ ನಿಮಗೆ ಇಷ್ಟ ಇರೋ ಕ್ರಮದಲ್ಲೇ ಕಾಲೇಜು ಹಾಕಿ. 'ಇದು ನಂಗೆ ಸಿಗಲ್ಲ' ಅಂತ ಮೇಲಿನದನ್ನು ಬಿಡಬೇಡಿ. ಅಣಕು ಹಂಚಿಕೆ ಬಂದಾಗ ನಿಮ್ಮ ಜಾಗ ಗೊತ್ತಾಗುತ್ತೆ, ಆಗ ತಿದ್ದಬಹುದು. ಸೀಟು ಬಂದ ಮೇಲೆ ನಾಲ್ಕು ಆಯ್ಕೆ. ಸೀಟು ಒಪ್ಪಿ ಸೇರೋದು ಒಂದು. ಒಪ್ಪಿ, ಇನ್ನೂ ಒಳ್ಳೇದಕ್ಕೆ ಕಾಯೋದು ಎರಡು. ಇದು ಬೇಡ, ಮುಂದಿನ ಸುತ್ತು ನೋಡ್ತೀನಿ ಅನ್ನೋದು ಮೂರು. ಪೂರ್ತಿ ಬಿಡೋದು ನಾಲ್ಕು. ಎಷ್ಟೋ ಜನ ಎರಡಕ್ಕೂ ಮೂರಕ್ಕೂ ಗೊಂದಲ ಮಾಡ್ಕೊಂಡು ಕೈಗೆ ಬಂದ ಸೀಟು ಕಳ್ಕೊಳ್ತಾರೆ.

ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್ ಮಾಡಿದ್ರೆ ಬಾಗಿಲು ಮುಚ್ಚಿಲ್ಲ. ಮೂರು ವರ್ಷದ ಜಿಎನ್ಎಂಗೆ ವಿಜ್ಞಾನವೇ ಬೇಕು ಅಂತಿಲ್ಲ. ಶೇ 40 ಅಂಕ ಇದ್ದು, ಇಂಗ್ಲಿಷ್ ಪಾಸಾಗಿದ್ರೆ ಅರ್ಹತೆ ಇದೆ. ಅದನ್ನು ಮುಗಿಸಿ ಮುಂದೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಹುಡುಗರೇ, ನೀವೂ ಕೇಳಿ. ಏಮ್ಸ್ ನೇಮಕಾತಿಯಲ್ಲಿ ಹೆಣ್ಣುಮಕ್ಕಳಿಗೆ ಶೇ 80, ಗಂಡಸರಿಗೆ ಶೇ 20 ಅಂತ ಹಂಚಿಕೆ ಇದೆ.

ಸೀಟು ಸಿಕ್ಕ ಮೇಲೆ

ಮೊದಲ ಸೆಮಿಸ್ಟರ್‌ನಲ್ಲಿ ಅಂಗರಚನೆ, ಶರೀರಕ್ರಿಯೆ, ಸಮಾಜಶಾಸ್ತ್ರ, ಮನಃಶಾಸ್ತ್ರ, ನರ್ಸಿಂಗ್ ಮೂಲಪಾಠ, ಜೊತೆಗೆ ಇಂಗ್ಲಿಷ್ ಇರುತ್ತೆ. ಕನ್ನಡ ಮಾಧ್ಯಮದವರಿಗೆ ಮೊದಲ ಮೂರು ತಿಂಗಳು ಪದಗಳೇ ಬೆಟ್ಟ ಅನ್ನಿಸುತ್ತೆ. ರಜೆಯಲ್ಲೇ ಪಿಯುಸಿ ಜೀವಶಾಸ್ತ್ರದ ಮನುಷ್ಯ ದೇಹದ ಪಾಠಗಳನ್ನು ಇನ್ನೊಂದು ಸಲ ಇಂಗ್ಲಿಷಲ್ಲಿ ಓದಿಕೊಳ್ಳಿ. ದಿನಕ್ಕೆ ಹತ್ತು ಪದ, ಪಕ್ಕದಲ್ಲಿ ಕನ್ನಡ ಅರ್ಥ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ನೋಡ್ಕೊಳ್ಳಿ, ಇಲ್ಲದಿದ್ದರೆ ಹಾಕಿಸ್ಕೊಳ್ಳಿ. ನಿಂತು ಕೆಲಸ ಮಾಡೋದನ್ನ ಕಾಲಿಗೆ ಅಭ್ಯಾಸ ಮಾಡಿಸಿ.

ಇನ್ನೊಂದು ಮಾತು. ನಿಮ್ಮ ಕನ್ನಡ ನಿಮ್ಮ ಬಲ. "ಹೊಟ್ಟೇಲಿ ಚುಳುಕು ಅಂತದೆ ಕಣವ್ವಾ", "ಎದೆ ಹಿಡ್ಕಂಡಂಗಾಯ್ತದೆ" ಅಂತ ನಾಗಮಂಗಲದ ಅಜ್ಜಿ ಹೇಳಿದಾಗ ಅದು ಏನು ನೋವು ಅಂತ ಥಟ್ಟನೆ ತಿಳಿಯೋದು ನಿಮಗೆ. ಬೇರೆ ರಾಜ್ಯದಿಂದ ಬಂದ ನರ್ಸುಗಳು ವರ್ಷಗಟ್ಟಲೆ ಕಷ್ಟಪಟ್ಟು ಕಲಿತ ವಿದ್ಯೆ ಅದು. ನಿಮಗೆ ಹುಟ್ಟಿನಿಂದ ಬಂದಿದೆ.

ಒಂದು ಕಹಿ ಮಾತು

ಈ ಜಿಲ್ಲೆಯಲ್ಲಿ ಕೂತು ಹೆಣ್ಣುಮಕ್ಕಳ ನರ್ಸಿಂಗ್ ಕಥೆ ಹೇಳುವಾಗ ಇದನ್ನ ಬಿಟ್ಟು ಹೋಗೋಕಾಗಲ್ಲ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭ್ರೂಣಲಿಂಗ ಪತ್ತೆ, ಹೆಣ್ಣು ಭ್ರೂಣಹತ್ಯೆಯ ಜಾಲ ಹಿಡಿದಾಗ, ಸ್ಕ್ಯಾನಿಂಗ್ ನಡೀತಿದ್ದ ಜಾಗಗಳಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯೂ ಇತ್ತು. ಬಂಧಿತರಲ್ಲಿ ವೈದ್ಯರು, ಲ್ಯಾಬ್ ತಂತ್ರಜ್ಞರು ಇದ್ದರು. 2024ರಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಅಂಥ ಪ್ರಕರಣ ಬಯಲಾಯ್ತು. ಲಿಂಗ ಪತ್ತೆ ನಿಷೇಧ ಕಾಯ್ದೆ ಬಂದಿದ್ದು 1994ರಲ್ಲಿ, ಮೂವತ್ತು ವರ್ಷದ ಹಿಂದೆ.

ಸೂಲಗಿತ್ತಿಯ ಕಾಲದಲ್ಲಿ ಕೈಯಲ್ಲಿ ಯಂತ್ರ ಇರಲಿಲ್ಲ, ಓದು ಇರಲಿಲ್ಲ. ಈಗ ಎರಡೂ ಇದೆ. ವಿದ್ಯೆ ಕಲಿತ ಕೈ ಯಾವ ಕಡೆ ನಿಲ್ಲುತ್ತೆ ಅನ್ನೋದು ಅಂಕಪಟ್ಟಿಯಲ್ಲಿ ಬರೆದಿರಲ್ಲ. ನೈಟಿಂಗೇಲ್ ಕೇಳಿದ ನಡತೆಯ ಪತ್ರ ಇವತ್ತು ಸಿಇಟಿಯಲ್ಲಿ ಯಾರೂ ಕೇಳಲ್ಲ. ಕೆಲಸಕ್ಕೆ ಸೇರಿದ ಮೇಲೆ ಯಾವುದೋ ಒಂದು ದಿನ ಯಾರೋ ಮೆಲ್ಲಗೆ ಬಂದು "ಸ್ವಲ್ಪ ಸಹಾಯ ಮಾಡಮ್ಮಾ, ಯಾರಿಗೂ ಗೊತ್ತಾಗಲ್ಲ" ಅಂದಾಗ ಆ ಪತ್ರನ ನೀವೇ ಬರ್ಕೋಬೇಕು. ಈ ನಾಲ್ಕು ತಾಲ್ಲೂಕಿನಲ್ಲಿ ನರ್ಸ್ ಆಗೋ ಪ್ರತಿ ಹುಡುಗಿಯೂ, ಹೆಣ್ಣು ಹುಟ್ಟಿದ್ರೆ ಏನು ಪ್ರಯೋಜನ ಅಂತ ಕೇಳೋರಿಗೆ ಬಾಯಿ ಬಿಡದೇ ಕೊಟ್ಟ ಉತ್ತರ.

ಮುಗಿಸೋ ಮುಂಚೆ

ಆಪ್ಷನ್ ಎಂಟ್ರಿ ಮಾಡೋ ವಾರ ಅಪ್ಪನನ್ನೋ ಅಣ್ಣನನ್ನೋ ಕರ್ಕೊಂಡು ಒಂದು ದಿನ ಪಟ್ಟಿಯ ಮೊದಲ ಎರಡು ಮೂರು ಕಾಲೇಜಿಗೆ ಹೋಗಿ ಬನ್ನಿ. ಆಫೀಸಿಗೆ ಆಮೇಲೆ ಹೋಗಿ, ಮೊದಲು ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದೆ ಅರ್ಧ ಗಂಟೆ ನಿಂತ್ಕೊಳ್ಳಿ. ಸಾಲಿದೆಯಾ? ಹೆರಿಗೆ ವಾರ್ಡ್ ನಡೀತಿದೆಯಾ? ವಿದ್ಯಾರ್ಥಿಗಳು ರೋಗಿಗಳ ಹತ್ತಿರ ಇದ್ದಾರಾ, ಕಾರಿಡಾರ್‌ನಲ್ಲಿ ನಿಂತಿದ್ದಾರಾ? ಮೂರನೇ ವರ್ಷದ ಒಬ್ಬ ಅಕ್ಕನ್ನ ಹಿಡಿದು ಕೇಳಿ: "ಅಕ್ಕ, ನಿಮ್ಗೆ ದಿನಾ ಎಷ್ಟು ರೋಗಿ ಸಿಗ್ತಾರೆ?" ಆಮೇಲೆ ಮನೆಗೆ ಬಂದು ಪಟ್ಟಿ ಹಾಕಿ.

ನಿಮ್ಮೂರ ನರ್ಸಮ್ಮನ ಕಥೆ ಇದ್ದರೆ ಧ್ವನಿ ಸಂದೇಶ ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ಕೇಳಿಸೋಣ. ಈ ವರ್ಷ ಅರ್ಜಿ ಹಾಕ್ತಿರೋ ತಂಗಿ, ತಮ್ಮ ಮನೇಲಿದ್ರೆ ಈ ಸಂಚಿಕೆನ ಅವರಿಗೆ ಹಂಚಿ.